ಹೊಳೆವ್ವ ವೈನಿ ಮುಂಬೈಯ ಒಲೆ ನೋಡಿದ್ದು

ನಮ್ಮ ಹೊಳೆವ್ವ ವೈನಿಯನ್ನು ಕರೆಯದೆ ಹೆಣ್ಣು ಕೊಡುವ ಮಾತುಕತೆಗೆ ಹೊರಟವರು ಅರ್ಧ ದಾರಿಯಿಂದ ನಮ್ಮೂರು ಗಲಗಲಿಗೆ ತಿರುಗಿ ಬಂದು ಆಕೆಯನ್ನು ಗಾಡಿಗೆ ಹತ್ತಿಸಿಕೊಂಡು ಹೋದದ್ದುಂಟು. ವೈನಿ ಎಂದರೆ ನನ್ನ ಅಣ್ಣ ಧರೆಪ್ಪನ ಹೆಂಡತಿ. ಸಾಲಿ ಕಲಿತಾಕೆಯಲ್ಲ, ಪಂಚಾಯತಿ ಮೆಂಬರೂ ಅಲ್ಲ. ಕುರಿ ಹಿಂಡು, ಒಂದಿಷ್ಟು ಕಬ್ಬು, ಕೃಷ್ಣೆಯ ದಂಡೆಯ ಮನೆ, ಇಷ್ಟರಲ್ಲೇ ಆಯುಷ್ಯ ಕಳೆದಾಕೆ. ಆದರೂ ಮುಧೋಳದಿಂದ ಬಾಡಗಂಡಿಯವರೆಗೆ ನಮ್ಮ ಬಳಗದಲ್ಲಿ ಯಾರ ಹುಡುಗಿಗೆ ವರ ನೋಡಿದರೂ, "ಮೊದಲ ಹೊಳೆವ್ವಾರ ಬಂದು ಒಲಿ ನೋಡ್ಲಿ" ಎನ್ನುತ್ತಾರೆ.

ಒಲೆ ನೋಡುವುದೆಂದರೆ ಹೀಗೆ. ಗಂಡಸರು ಪಡಸಾಲೆಯಲ್ಲಿ ಕೂತು ಹೊಲ ಎಷ್ಟು, ಬೋರಿನಲ್ಲಿ ನೀರು ಎಷ್ಟು, ಕಬ್ಬು ಯಾವ ಫ್ಯಾಕ್ಟರಿಗೆ ಹೋಗುತ್ತದೆ ಎಂದು ತಲೆ ತಿನ್ನುತ್ತಿರುವಾಗ ವೈನಿ ಕೈ ತೊಳೆಯುವ ನೆಪ ಮಾಡಿ ಸೀದಾ ಅಡುಗೆ ಮನೆಗೆ ನಡೆಯುತ್ತಾಳೆ. ಗೋಡೆಗೆ ಬೆನ್ನು ಕೊಟ್ಟು ಕೂತು ಅಲ್ಲಿಯ ಹೆಂಗಸರ ಜೊತೆ ಹರಟುತ್ತಾಳೆ. ಎಲ್ಲರ ಊಟ ಮುಗಿದ ಮೇಲೆ ರೊಟ್ಟಿ ಬುಟ್ಟಿಯ ಅರಿವೆ ಸರಿಸಿ ಇಣುಕುತ್ತಾಳೆ. ರೊಟ್ಟಿ ಬಡಿದ ಸೊಸೆಗೆ ಬುಟ್ಟಿಯಲ್ಲಿ ಏನಾದರೂ ಉಳಿದಿದೆಯೇ? ಉಳಿದಿದ್ದರೆ ಹೊರಗೆ ಬಂದು ತಟ್ಟೆಯಲ್ಲಿಟ್ಟ ಸಕ್ಕರೆಯನ್ನು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಹೆಣ್ಣು ಕೊಟ್ಟಂತೆ. ಬುಟ್ಟಿ ಖಾಲಿ ಇದ್ದರೆ ಆ ಮನೆಯ ಏನನ್ನಾದರೂ ಹೊಗಳಿ ಎದ್ದುಬಿಡುತ್ತಾಳೆ.

ಇದಕ್ಕೊಂದು ಕಾರಣವಿದೆ. ವೈನಿ ನಮ್ಮ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಕುರಿ ಕಾಯುವವರು, ಕೂಲಿಯವರು, ಮನೆಯವರು ಎಲ್ಲರಿಗೂ ರೊಟ್ಟಿ ಬಡಿದು ಹಾಕಿ, ಕಡೆಗೆ ತಾನು ಉಣ್ಣಲು ಕೂತರೆ ಬುಟ್ಟಿಯಲ್ಲಿ ಬರೀ ಅರಿವೆ. ಒಂದು ಚೊಂಬು ನೀರು ಕುಡಿದು ಮಲಗಿದಳಂತೆ. ಇದನ್ನು ಆಕೆ ಒಂದೇ ಒಂದು ಸಲ ನನ್ನ ಹೆಂಡತಿ ಉಮಾಶ್ರೀಯ ಮುಂದೆ ಹೇಳಿದ್ದು, ಅದೂ ನಕ್ಕೋತ. "ಅರಬಿ ಬಾಳ ಬೆಳ್ಳಗಿತ್ತ ನೋಡವಾ, ಅದನ್ನ ನೋಡ್ಕೋತ ಕುಂತಿದ್ನಿ" ಎಂದಳಂತೆ. ಮನೆಯ ಕೀಲಿಕೈ ತನ್ನ ಸೊಂಟಕ್ಕೆ ಬಂದ ಮೇಲೆ ನಮ್ಮ ಮನೆಯಲ್ಲಿ ಯಾವ ಹೆಣ್ಣುಮಗಳೂ ಖಾಲಿ ಬುಟ್ಟಿಯ ಮುಂದೆ ಕೂತಿಲ್ಲ. ಆದರೆ ತಾನು ಮಾತ್ರ ಇವತ್ತಿಗೂ ಎಲ್ಲರೂ ಉಂಡು ಕೈ ತೊಳೆದ ಮೇಲೆ, ನಾಯಿಗೂ ಹಾಕಿದ ಮೇಲೆ, ಆರಿ ತಣ್ಣಗಾದ ಅನ್ನ ಕಲಸಿಕೊಂಡು ಕೂರುತ್ತಾಳೆ. ನಾವು ಹೇಳಿ ಹೇಳಿ ಸಾಕಾಗಿದ್ದೇವೆ.

ಈ ಒಲೆ ನೋಡುವ ಪದ್ಧತಿಯಿಂದ ಹೆಚ್ಚು ನರಳಿದವನು ನಾನು. ನಾನು ಬಸ್ ಡ್ರೈವರ್. ರಜೆ ಸಿಕ್ಕಾಗೆಲ್ಲ ವೈನಿಯ ಹಿಂದೆ ಮಾತುಕತೆಗೆ ಹೋಗುವುದು ನನ್ನ ಪಾಲಿಗೆ ಬಂದ ಕೆಲಸ. ನನಗೋ ಸಿಹಿ ಎಂದರೆ ಜೀವ. ಮಾತು ಆಗುವ ತನಕ ಬೀಗರಾಗುವವರ ಮನೆಯ ಖಾರ ಉಣ್ಣಬಹುದು, ಸಿಹಿ ಮಾತ್ರ ಮುಟ್ಟುವಂತಿಲ್ಲ. ಹುಡುಗಿಯ ಕಡೆಯ ಹಿರಿಯರಲ್ಲಿ ಒಬ್ಬರ ಬಾಯಿಗೆ ಸಿಹಿ ಬಿತ್ತೋ, ಮುಗಿಯಿತು, ಅದೇ ಒಪ್ಪಿಗೆ. ಒಮ್ಮೆ ಮುಧೋಳದ ಹತ್ತಿರ ಒಂದು ದೊಡ್ಡ ಮನೆ. ಅಂಗಳದಲ್ಲಿ ಬೇಟೆ ನಾಯಿಗಳು ಗಂಗಾಳ ತುಂಬ ಹಾಲು ಕುಡಿಯುತ್ತಿದ್ದವು. ನನ್ನ ಮುಂದೆ ತುಪ್ಪ ಸುರಿದ ಹೋಳಿಗೆ. ಒಳಗಿನಿಂದ ಬಂದ ವೈನಿ, "ನಿಮ್ಮ ನಾಯಿಗೋಳು ಬಾಳ ಚಂದ ಅದಾವ್ರಿ, ಬರ್ತೇವಿ" ಎಂದು ಕೈಮುಗಿದು ಚಪ್ಪಲಿ ಮೆಟ್ಟಿದಳು. ಆ ಹೋಳಿಗೆ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಹೋದ ವರ್ಷ ನನ್ನ ಮಗಳ ಸರದಿಯೇ ಬಂತು. ಕಾವ್ಯ ಮುಧೋಳದ ಒಂದು ಆಸ್ಪತ್ರೆಯಲ್ಲಿ ನರ್ಸ್. ಬಾಡಗಂಡಿಯ ಕರೆವ್ವ ಎಂಬಾಕೆ ಜ್ವರ ಬಂದು ಅಲ್ಲಿ ಮಲಗಿದ್ದಾಗ, ಮುಂಬೈಯಲ್ಲಿದ್ದ ಆಕೆಯ ಮಗ ಮಾಳು ಓಡಿ ಬಂದ. ನಮ್ಮದೇ ಬಳಗ, ಬೀರಪ್ಪನ ಒಕ್ಕಲು, ಕುರಿ ಕಾದ ಮನೆತನ. ಹುಡುಗ ಅವ್ವನಿಗೆ ದಿನಾ ಗಂಜಿ ಕಾಸಿ ತರುತ್ತಿದ್ದನಂತೆ. ಆ ಗಂಜಿಯ ವಾಸನೆಗೆ ವಾರ್ಡಿನ ಉಳಿದ ರೋಗಿಗಳೂ ಎದ್ದು ಕೂಡುತ್ತಿದ್ದರಂತೆ. ನನ್ನ ಮಗಳೂ ಆ ಗಂಜಿ ಕುಡಿದಳೋ ಏನೋ, ಅವ್ವ ಗುಣವಾಗಿ ಮನೆಗೆ ಹೋದರೂ ಫೋನು ನಿಲ್ಲಲಿಲ್ಲ.

ಹುಡುಗ ಏನು ಮಾಡುತ್ತಾನೆ ಎಂದರೆ, ಮುಂಬೈಯ ಒಂದು ಹಳೆಯ ಫ್ರೆಂಚ್ ರೆಸ್ಟೋರೆಂಟಿನಲ್ಲಿ ಅಡುಗೆ. ನಾನು ಹೌಹಾರಿದೆ. ಅಣ್ಣ ಎಂದಿನಂತೆ, "ಆಕಿನ್ನ ಕೇಳು" ಎಂದು ಕುರಿ ಹೊಡೆದುಕೊಂಡು ಹೋದ. ವೈನಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

"ಗಂಡಸು ಅಡಗಿ ಮಾಡಿದ್ರ ಏನಾತಲೇ? ಒಲಿ ನೋಡೂಣು."

"ಬಾಡಗಂಡ್ಯಾಗ ಅವರ ಮನಿ ಐತ್ರಿ ವೈನಿ, ನಾಳೆನ ಹೋಗೂಣು."

"ಅಲ್ಲಿ ಒಲಿ ಕರೆವ್ವಂದು. ಇಲ್ಲಿ ಅಡಗಿ ಮಾಡಾಂವ ಹುಡುಗ. ಅಂವ ಎಲ್ಲಿ ಮಾಡ್ತಾನು ಅದನ್ನ ನೋಡಬೇಕು."

"ಮುಂಬೈಯಾಗ್ರಿ?"

"ಅಲ್ಲಿಗೇನ ಬಸ್ ಇಲ್ಲನು? ನೀ ಎಂಥಾ ಡ್ರೈವರ್ ಲೇ ದುಂಡೇಶ!"

ಮಾಳುವನ್ನು ಕೇಳಿದರೆ, ತಾನಿರುವ ಖೋಲಿಯಲ್ಲಿ ಒಲೆಯೇ ಇಲ್ಲ, ರೆಸ್ಟೋರೆಂಟಿನದೇ ತನ್ನ ಒಲೆ ಎಂದ. ಕೆಲಸದವರ ಮನೆಮಂದಿಯನ್ನು ವರ್ಷಕ್ಕೊಮ್ಮೆ ಕರೆದು ಉಣಿಸುವ ರೂಢಿ ಅಲ್ಲಿಯ ಮಾಲೀಕರದ್ದಂತೆ. ಅದೇ ಊಟಕ್ಕೆ ತನ್ನ ಅವ್ವನ ಜೊತೆ ನಮ್ಮನ್ನೂ ಬರಹೇಳಿದ. ಉಮಾಶ್ರೀ ಮೊಣಕಾಲು ನೋವೆಂದು ಉಳಿದಳು. ಕರೆವ್ವ, ವೈನಿ, ಕಾವ್ಯ, ನಾನು ಸ್ಲೀಪರ್ ಬಸ್ ಹತ್ತಿದೆವು. ಆ ಡ್ರೈವರನ ಬ್ರೇಕು ಹಾಕುವ ರೀತಿಯ ಬಗ್ಗೆ ನಾನು ಇಲ್ಲಿ ಮಾತಾಡುವುದಿಲ್ಲ, ಮಾತಾಡಿದರೆ ನಿಲ್ಲುವುದಿಲ್ಲ.

ದಾರಿಯಲ್ಲಿ ಚಹಾಕ್ಕೆ ಇಳಿದಾಗ ಕಾವ್ಯ ನನ್ನ ತೋಳು ಹಿಡಿದಳು. "ಅಪ್ಪಾ, ದೊಡ್ಡವ್ವ ಒಲ್ಲೆ ಅಂದ್ರ ನಾ ಹಟ ಮಾಡಂಗಿಲ್ಲ. ಆಕಿ ನನ್ನ ಸಾಕ್ಯಾಳ. ಆದ್ರ ಬ್ಯಾರೆ ಯಾರಿಗೂ ನನ್ನ ಕೊಡಾಕ ಹೋಗಬ್ಯಾಡ."

ಮಗಳು ಅತ್ತಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ. ಆಕೆ ಅಳಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಬೀರಪ್ಪಾ, ಇದೊಂದು ಬುಟ್ಟಿ ತುಂಬಿರಲಿ ತಂದೆ ಎಂದು ಅಲ್ಲೇ ನಿಂತು ಬೇಡಿಕೊಂಡೆ.

ಮರುದಿನ ಮಧ್ಯಾಹ್ನ ರೆಸ್ಟೋರೆಂಟ್ ಸೇರಿದೆವು. ಎತ್ತರದ ಛಾವಣಿಯ ಹಳೆಯ ಕಲ್ಲಿನ ಕಟ್ಟಡ. ಒಳಗೆ ಎಷ್ಟು ಸಪ್ಪಳವಿಲ್ಲ ಎಂದರೆ ನನ್ನ ಚಪ್ಪಲಿಯ ಕಿರ್ ಕಿರ್ ನನಗೇ ನಾಚಿಕೆ ತಂದಿತು. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ತಟ್ಟೆಯ ಎಡಕ್ಕೂ ಬಲಕ್ಕೂ ಚಾಕು, ಮುಳ್ಳು ಚಮಚ ಸಾಲಾಗಿ ಇಟ್ಟಿದ್ದರು, ದನದ ಡಾಕ್ಟರು ಪೆಟ್ಟಿಗೆ ತೆರೆದಂತೆ. ನರೆಗೂದಲಿನ ಒಬ್ಬ ವೇಟರ್ ಬಂದು ಬಗ್ಗಿ ನಮಸ್ಕಾರ ಮಾಡಿದ. ಮರಾಠಿ ಮಾತಾಡುತ್ತಾನೆಂದು ತಿಳಿದು ನನಗೆ ಅರ್ಧ ಜೀವ ಬಂತು. ಮಿರಜ್ ಕಡೆ ಬಸ್ ಓಡಿಸಿ ಓಡಿಸಿ ಮರಾಠಿ ನನಗೆ ನೀರು ಕುಡಿದಂತೆ.

ಮೊದಲು ಬಂದದ್ದು ಬ್ರೆಡ್ಡಿನ ಬುಟ್ಟಿ, ಮೇಲೆ ಬಿಳಿ ಅರಿವೆ. ವೈನಿ ಕೂತ ಕ್ಷಣವೇ ಅರಿವೆ ಸರಿಸಿ ಇಣುಕಿದಳು.

"ತುಂಬೇತಿ ನೋಡ್ರಿ ವೈನಿ!" ಎಂದೆ ನಾನು ಉಬ್ಬಿ.

"ಇದು ಬಂದಾವ್ರಿಗೆ ಇಟ್ಟದ್ದು. ಮಾಡಿದಾವ್ರಿಗೆ ಏನೈತಿ, ಅದು ಬ್ಯಾರೆ ಮಾತು" ಎಂದಳು. ನನ್ನ ಉಬ್ಬು ಇಳಿಯಿತು.

ಆಮೇಲೆ ಶುರುವಾಯಿತು ನೋಡಿ ತಟ್ಟೆಯ ಜಗ್ಗಾಟ. ಆ ಮನೆಯ ರೀತಿ ಏನೆಂದರೆ ಮೊದಲ ತಟ್ಟೆ ಹಿರಿಯ ಹೆಣ್ಣುಮಗಳಿಗೆ. ವೇಟರ್ ಉಳ್ಳಾಗಡ್ಡಿಯ ಸಾರನ್ನು ತಂದು ವೈನಿಯ ಮುಂದೆ ಇಟ್ಟ. ವೈನಿ ಅದನ್ನು ನನ್ನ ಮುಂದೆ ಸರಿಸಿದಳು. ವೇಟರ್ ನಗುತ್ತಾ ಅದನ್ನು ಮತ್ತೆ ವೈನಿಯ ಮುಂದೆ ಇಟ್ಟ. ವೈನಿ ಮತ್ತೆ ನನ್ನ ಮುಂದೆ. ಸಾರು ಬಟ್ಟೆಗೆ ತುಳುಕಿತು.

"ಗಂಡಸರು ಉಣ್ಣಲಿಲ್ಲ, ಸಣ್ಣಾವ್ರು ಉಣ್ಣಲಿಲ್ಲ, ನಾ ಹೆಂಗ ಉಣ್ಣಲೋ ಯಪ್ಪಾ?" ಎಂದಳು ಅವನಿಗೆ, ಕನ್ನಡದಲ್ಲೇ. ಅವನಿಗೆ ಏನು ತಿಳಿಯಿತೋ, ಸೋತು ಕೈಮುಗಿದ. ಕರೆವ್ವ ಸಾರಿನ ರುಚಿ ನೋಡಿ, "ಉಳ್ಳಾಗಡ್ಡಿ ಸಾರಿಗೆ ಮುಂಬೈತನಾ ಬರಬೇಕಿತ್ತನ್ರಿ?" ಎಂದಳು. ಎಂದವಳು ಬಟ್ಟಲು ಒರೆಸಿಟ್ಟಂತೆ ಬರಿದು ಮಾಡಿದಳು. ಮೀನು ಬಂದಾಗಲೂ ಅದೇ ಜಗ್ಗಾಟ. ನಮ್ಮ ಹೊಳೆಯ ಮೀನಿನ ಹಾಗೆ ಇದರಲ್ಲಿ ಮುಳ್ಳಿಲ್ಲ, ಬೆಣ್ಣೆಯಲ್ಲಿ ಮುಳುಗಿದ ಹತ್ತಿಯ ಹಾಗಿತ್ತು. ಮೊದಲ ತಟ್ಟೆ ನನಗೆ ಸಿಗುವ ವ್ಯವಸ್ಥೆ ನನಗೇನೂ ಕೆಟ್ಟದೆನಿಸಲಿಲ್ಲ.

ಮೀನಾದ ಮೇಲೆ ಉದ್ದ ಕಾಲಿನ ಸಣ್ಣ ಗಾಜಿನ ಬಟ್ಟಲಲ್ಲಿ ಏನೋ ಬೆಳ್ಳಗಿನದು ಬಂತು. ವೇಟರ್ ವೈನಿಯ ಮುಂದೆ ಇಟ್ಟ, ವೈನಿ ನನ್ನ ಕಡೆ ಸರಿಸಿದಳು, ನಾನು ತುಂಬಿದ ಚಮಚವನ್ನು ಬಾಯಿಗೆ ಇಟ್ಟೆ.

ಸಿಹಿ! ನಿಂಬೆಹುಳಿಯ ಹಿಂದೆಯೇ ಸಕ್ಕರೆ, ಅಪ್ಪಟ ಸಕ್ಕರೆ, ಮಂಜಿನಂತೆ ತಣ್ಣಗೆ. ಅಯ್ಯೋ ನನ್ನ ಹಣೆಬರಹವೇ! ಉಗುಳುವಂತಿಲ್ಲ, ನುಂಗುವಂತಿಲ್ಲ. ನನ್ನ ಮುಖ ನೋಡಿಯೇ ಕರೆವ್ವನಿಗೆ ತಿಳಿಯಿತು. ತನ್ನ ಬಟ್ಟಲಿಗೆ ಬೆರಳದ್ದಿ ನೆಕ್ಕಿ ನೋಡಿದಳು, ಕುರ್ಚಿ ಹಿಂದೆ ಸರಿಸಿ ಎದ್ದು ನಿಂತಳು.

"ಬೀಗರು ಸಿಹಿ ತಿಂದ್ರು! ಆತು, ಮಾತ ಆತು! ಬೀರಪ್ಪಾ, ಕಣ್ಣ ತಗದಿ ನೋಡಪ್ಪಾ!"

ಅತ್ತ ಇತ್ತ ಮೇಜಿನವರೆಲ್ಲ ತಿರುಗಿ ನೋಡಿದರು. ಕಾವ್ಯಳ ಮುಖ ಒಮ್ಮೆಲೇ ಅರಳಿತು, ವೈನಿಯ ಮುಖ ನೋಡಿ ಹಾಗೇ ನಿಂತಿತು.

"ಲೇ ದುಂಡ್ಯಾ, ಏನ ಮಾಡಿದ್ಯೋ?"

"ನೀವ ಸರಿಸಿದ್ರಲ್ರಿ! ನೀವ ಸರಿಸಿದ್ದಕ್ಕ ತಿಂದ್ನಿ! ಮತ್ತ ಇದು ಹುಳಿ ಐತ್ರಿ, ಖರೇನ, ಬಾಳ ಹುಳಿ ಐತಿ."

"ಹುಳಿ ಇದ್ರ ನಿನ್ನ ಮಾರಿ ಹಿಂಗ್ಯಾಕ ಅರಳೇತಿ?"

ಕಡೆಗೆ ವೇಟರನನ್ನೇ ಪಂಚನನ್ನಾಗಿ ಮಾಡಿದೆವು. ಇದು ಸಿಹಿಯೋ ಅಲ್ಲವೋ ಎಂದು ನಾನು ಮರಾಠಿಯಲ್ಲಿ ಕೇಳಿದೆ. ಅವನು ಗಂಭೀರವಾಗಿ ಯೋಚಿಸಿ, ಊಟದ ಸಿಹಿ ಇನ್ನೂ ಬರಬೇಕು, ಇದು ಮೀನಿನ ರುಚಿ ಹೋಗಿ ಮಾಂಸಕ್ಕೆ ಬಾಯಿ ಚೊಕ್ಕಟವಾಗಲಿ ಎಂದು ಕೊಡುವುದು ಎಂದ. ನಾನು ಅದನ್ನು ಕನ್ನಡಕ್ಕೆ ತಂದು ಹೇಳಿದೆ.

ವೈನಿ ತೀರ್ಪು ಕೊಟ್ಟಳು. "ಅಂದ್ರ ಬಾಯಿ ಮುಕ್ಕಳಿಸಿದಂಗ. ಅದು ಮಾತಿಗೆ ಬರಂಗಿಲ್ಲ."

ಕರೆವ್ವ ಮೆಲ್ಲಗೆ ಕೂತಳು. ಅಲ್ಲಿಯವರೆಗೆ ನಗುತ್ತಿದ್ದವಳ ದನಿ ಸಣ್ಣದಾಯಿತು. "ಅಂದ್ರ ನಿಮ್ಮ ಮನಸಿನಾಗ ಇಲ್ಲನ್ರಿ ಅಕ್ಕಾರ? ಇಲ್ಲಂದ್ರ ಈಗ ಹೇಳಿಬಿಡ್ರಿ. ನನ್ನ ಮಗಾ ಒಳಗ ಉಪ್ಪು ಹಾಕೂ ಮುಂದ ಕೈ ನಡಗಸ್ಕೋತ ನಿಂತಿರತಾನು."

ಕಾವ್ಯ ಚಮಚ ಕೆಳಗಿಟ್ಟು ತೊಡೆಯ ಮೇಲಿನ ಬಟ್ಟೆಯನ್ನು ಹಿಂಡುತ್ತಿದ್ದಳು. ನನಗೆ ನನ್ನ ನಾಲಿಗೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವೈನಿ ಕರೆವ್ವನ ಕೈ ಹಿಡಿದಳು. "ಐತೋ ಇಲ್ಲೋ ನನಗೂ ಗೊತ್ತಿಲ್ಲವಾ. ಒಲಿ ನೋಡಿ ಹೇಳ್ತೇನಿ. ಎಲ್ಲೈತಿ ಒಲಿ?" ಎಂದು ಎದ್ದೇಬಿಟ್ಟಳು.

ವೇಟರ್ ಅಡ್ಡ ಬಂದ. ವೈನಿ ಅವನನ್ನು ಬಳಸಿ ನಡೆದಳು. ನಾವೆಲ್ಲ ಹಿಂದೆ. ಅಡುಗೆ ಮನೆಯ ಬಾಗಿಲಲ್ಲಿ ದಪ್ಪ ಕನ್ನಡಕದ ಒಬ್ಬ ಹೆಂಗಸು ಎದುರಾದಳು, ಒಳಗಿನ ಯಜಮಾನಿ ಆಕೆಯೇ. ಅವಳ ಹಿಂದೆ ಬಿಳಿ ಕೋಟು, ಬಿಳಿ ಟೊಪ್ಪಿಗೆಯ ಮಾಳು. ಅವನು ಆಕೆಗೆ ಹಿಂದಿಯಲ್ಲಿ ಏನೇನೋ ಬಿಡಿಸಿ ಹೇಳಿದ. ಆಕೆ ನಕ್ಕು ಬರಲಿ ಎಂದು ಸನ್ನೆ ಮಾಡಿದಳು. ವೈನಿ ಚಪ್ಪಲಿ ಬಿಟ್ಟಳು. ಯಜಮಾನಿ ಗಾಬರಿಯಾದಳು. ಬಿಸಿ ಎಣ್ಣೆ ಬೀಳುವ ಜಾಗ, ಬರಿಗಾಲಲ್ಲಿ ಬಿಡುವುದಿಲ್ಲ ಎಂದಳು. ಚಪ್ಪಲಿ ಮೆಟ್ಟಿ ಅಡುಗೆ ಮನೆಗೆ ಹೋಗುವುದುಂಟೇ ಎಂದು ವೈನಿ. ಯಜಮಾನಿ ಬಿಡಳು, ವೈನಿ ಮೆಟ್ಟಳು. ಕಡೆಗೆ ವೈನಿ ಬರಿಗಾಲಲ್ಲಿ ಹೊಸ್ತಿಲ ಈಚೆ ನಿಂತು ಕತ್ತು ಚಾಚಿ ನೋಡುವುದೆಂದು ಆಯಿತು.

ಒಳಗೆ ಹೊಳೆಯುವ ತಾಮ್ರದ ಪಾತ್ರೆಗಳು, ಧಗಧಗ ಉರಿ, ಓಡಾಡುವ ಜನ. ವೈನಿಯ ಕಣ್ಣು ಬುಟ್ಟಿ ಹುಡುಕುತ್ತಿತ್ತು. ಎಲ್ಲೂ ಕಾಣಲಿಲ್ಲ.

"ತಮ್ಮಾ, ಇಲ್ಲಿ ಅಡಗಿ ಮಾಡಿದಾವ್ರಿಗೆ ಉಣ್ಣಾಕ ಏನ ಉಳಿತೈತಿ?"

ಮಾಳು ತಬ್ಬಿಬ್ಬಾದ. "ಉಳಿಯೂದು ಏನಿಲ್ಲರಿ ದೊಡ್ಡವ್ವಾರ."

ಸತ್ತೆವು ಎಂದುಕೊಂಡೆ. ವೈನಿ ತಾಮ್ರದ ಪಾತ್ರೆಗಳ ಕಡೆ ನೋಡಿದಳು. ಅವನ್ನು ಹೊಗಳಲು ಬಾಯಿ ತೆರೆಯುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಅಷ್ಟರಲ್ಲಿ ಹುಡುಗ ಮುಂದುವರಿಸಿದ.

"ನಮ್ದು ಮೊದಲ ಆಗಿರತೈತ್ರಿ. ಬಂದಾವ್ರು ಬರೂ ಮೊದಲ ನಾವ ಉಣ್ತೀವಿ. ಪಾತ್ರಿ ತಿಕ್ಕಾವ್ರು, ಬಡಸಾವ್ರು, ಈ ನಮ್ಮ ಯಜಮಾನಿ ಬಾಯಾರು, ಎಲ್ಲಾರೂ ಕೂಡಿ. ಹಸಗೊಂಡು ಅಡಗಿ ಮಾಡಿದ್ರ ಹದಾ ತಪ್ಪತೈತ್ರಿ. ಇವತ್ತಿಂದು ನಾನ ಮಾಡಿದ್ನಿ. ಝುಣಕ, ರೊಟ್ಟಿ."

"ಬೀಗರು ಉಣ್ಣೂ ಮೊದಲ?"

"ಹೂಂರಿ."

"ಮಾಡಿದಾವ್ರು?"

"ಹೂಂರಿ ಮತ್ತ. ಬಿಸಿದ ಇರತೈತ್ರಿ ಆವಾಗ."

ವೈನಿ ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತಳು. ಕರೆವ್ವ ಹಿಂದಿನಿಂದ ದೂರು ಹೇಳಿದಳು. "ಊರಿಗೆ ಬಂದ್ರೂ ಇಂವಂದು ಇದ ಗದ್ದಲರಿ ಅಕ್ಕಾರ. ನನ್ನ ಮೊದಲ ಕುಂದರಸಿ ಬಡಸ್ತಾನು. ಓಣಿಯಾಗ ಯಾರರ ನೋಡ್ಯಾರು ಅಂತ ನಾ ಬಾಗಲಾ ಹಾಕ್ಕೊಂಡು ಉಣ್ತೇನಿ."

ವೈನಿ ಚಪ್ಪಲಿ ಮೆಟ್ಟಿ ತಿರುಗಿ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಮರಿಯ ಮಾಂಸ ಬಂತು, ಎಲುಬಿನಿಂದ ತಾನೇ ಬಿಡುವಷ್ಟು ಹದ. ಆ ತಟ್ಟೆಯನ್ನೂ ನನ್ನ ಕಡೆಯೇ ಸರಿಸಿದಳು, ಆದರೆ ಗಮನ ಎಲ್ಲೋ ಇತ್ತು. ಏನು ಅಂದುಕೊಂಡಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕಾವ್ಯ ಒಂದು ಚೂರು ಬಾಯಿಗಿಟ್ಟು ಅದನ್ನೇ ಅಗಿಯುತ್ತಾ ಕೂತಿದ್ದಳು.

ಆಮೇಲೆ ಮಾಳುವೇ ಹೊರಗೆ ಬಂದ. ಕೈಯಲ್ಲಿ ಸಣ್ಣ ಅಗಲ ಬಟ್ಟಲುಗಳ ತಾಟು. ಹಾಲು ತತ್ತಿಯ ಗಟ್ಟಿ ಪಾಯಸ ಎನ್ನಿ, ಅದರ ಮೇಲೆ ಸಕ್ಕರೆ ಉದುರಿಸಿ, ಗ್ಯಾಸಿನ ಉರಿ ಹಿಡಿದು ನಮ್ಮ ಕಣ್ಣ ಮುಂದೆಯೇ ಸುಟ್ಟ. ಸಕ್ಕರೆ ಕರಗಿ ಕುದಿದು ಗಾಜಿನಂತೆ ಕೆಂಪಗೆ ಹೆಪ್ಪುಗಟ್ಟಿತು. ನಮ್ಮ ಕಡೆ ಗಾಣದ ಮನೆಯಲ್ಲಿ ಬೆಲ್ಲ ಇಳಿಸುವಾಗ ಬರುವ ವಾಸನೆಯೇ ಅದು. ಮೊದಲ ಬಟ್ಟಲನ್ನು ವೈನಿಯ ಮುಂದೆ ಇಟ್ಟು, ಕೈ ಹಿಂದೆ ಕಟ್ಟಿ ನಿಂತ.

ನಾನು ರೂಢಿಯಂತೆ ಕೈ ಚಾಚಿದೆ.

ಬಟ್ಟಲು ಬರಲಿಲ್ಲ.

ವೈನಿ ಅದರ ಎರಡೂ ಕಡೆ ಕೈ ಇಟ್ಟುಕೊಂಡು ಕೂತಿದ್ದಳು. ಕಾವ್ಯಳನ್ನು ನೋಡಿದಳು, ಕರೆವ್ವನನ್ನು ನೋಡಿದಳು. ನಮ್ಮ ಯಾರ ಮುಂದೆಯೂ ಇನ್ನೂ ಏನೂ ಬಂದಿರಲಿಲ್ಲ. ಚಮಚ ತೆಗೆದುಕೊಂಡು ಸಕ್ಕರೆಯ ಪದರಿನ ಮೇಲೆ ತಟ್ಟಿದಳು. ಟಕ್ ಎಂದು ಒಡೆಯಿತು. ಒಂದು ತುತ್ತು ಬಾಯಿಗೆ ಹಾಕಿಕೊಂಡಳು.

"ಬಿಸಿ ಐತಲೇ ದುಂಡೇಶ" ಎಂದಳು, ಬೆರಗಿನಿಂದ.

ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡ ನನಗೆ ಆ ಮಾತು ಎದೆಗೆ ಬಂದು ಬಡಿಯಿತು. ಕಣ್ಣು ತುಂಬಿ ಬಂತು, ಯಾರ ಭಿಡೆಯೂ ಇಲ್ಲದೆ ತೊಡೆಯ ಮೇಲಿನ ಬಟ್ಟೆಯಿಂದ ಒರೆಸಿಕೊಂಡೆ. ಕಾವ್ಯ ಎದ್ದು ಬಂದು ದೊಡ್ಡವ್ವನ ಕೊರಳಿಗೆ ಬಿದ್ದಳು. ಕರೆವ್ವ ಈ ಸಲ ಕೂಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಏನಾಯಿತೆಂದು ತಿಳಿಯದ ಆ ನರೆಗೂದಲಿನ ವೇಟರ್ ಕೂಡ ಮೂಗು ಒರೆಸಿಕೊಳ್ಳುತ್ತಾ ನಿಂತಿದ್ದ.

"ಅಳೂದ ಸಾಕು" ಎಂದು ವೈನಿ ಎರಡನೆಯ ತುತ್ತು ತೆಗೆದಳು. "ತಮ್ಮಾ ಮಾಳು, ಈಗ ನಿಮ್ಮವ್ವಗ ಕೊಡು, ಆಮ್ಯಾಲ ಹುಡಿಗಿಗೆ ಕೊಡು. ನೀನೂ ಒಂದು ತಗೊಂಡು ಕುಂದರು. ಇಂವಗ ಕಡೀಕ. ಇಂವ ಆಗಳೆ ಬಾಯಿ ಮುಕ್ಕಳಿಸ್ಯಾನು."

ಎಲ್ಲರೂ ನಕ್ಕರು, ನನ್ನ ಮಗಳು ಎಲ್ಲರಿಗಿಂತ ಜೋರಾಗಿ. ಹುಡುಗ ಒಂದೊಂದಾಗಿ ಸಕ್ಕರೆ ಸುಟ್ಟು ಕೊಡುತ್ತಾ ಹೋದ. ಕಾವ್ಯಳಿಗೆ ಕೊಡುವಾಗ ಮಾತಾಡುತ್ತಾ ನಿಂತುಬಿಟ್ಟ, ನನ್ನ ಬಟ್ಟಲು ಅವನ ಕೈಯಲ್ಲೇ ಉಳಿಯಿತು. ಅದು ನನ್ನ ಮುಂದೆ ಬರುವ ಹೊತ್ತಿಗೆ ಆರಿ ತಣ್ಣಗಾಗಿತ್ತು. ಒಂದು ಮಾತೂ ಆಡದೆ ಉಂಡೆ.